‘ಯಾವ ಊರಿನ ಮಗುವೋ’ ಅಂತಾರೆ ಅತ್ತೆ

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ನನಗೆ 38, ಯಜಮಾನರಿಗೆ 43. ನಾನು ಹೈಸ್ಕೂಲ್ ಟೀಚರ್, ಅವರದು ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಮದುವೆಯಾಗಿ ಹನ್ನೆರಡು ವರ್ಷ. ಆಸ್ಪತ್ರೆ ಅಲೆದು ಸಾಕಾಗಿ, ಮೂರು ವರ್ಷದ ಹಿಂದೆ ದತ್ತು ತೆಗೆದುಕೊಳ್ಳಲು ಸರ್ಕಾರದ ಪೋರ್ಟಲ್‌ನಲ್ಲಿ ಹೆಸರು ಬರೆಸಿದೆವು. ಯಾವ ರಾಜ್ಯದ ಮಗುವಾದರೂ ಸರಿ ಎಂದು ಆಗ ಕೊಟ್ಟಿದ್ದೆವು. ಈಗ ನಮ್ಮ ಸರದಿ ಹತ್ತಿರ ಬಂದಿದೆ. ನಮ್ಮ ಜೊತೆಗೇ ಹೆಸರು ಕೊಟ್ಟಿದ್ದ ಪರಿಚಯದವರಿಗೆ ಒಡಿಶಾದಿಂದ ಎಂಟು ತಿಂಗಳ ಮಗು ಬಂತು. ಅದನ್ನು ಕೇಳಿದ ದಿನದಿಂದ ಅತ್ತೆಯವರದು ಒಂದೇ ರಾಗ. "ಯಾವ ಊರೋ, ಯಾವ ಜಾತಿಯೋ, ಯಾವ ಭಾಷೆಯೋ. ಬಣ್ಣ ನೋಡಿದ್ರೆ ಜನ ಕೇಳಲ್ವಾ? ಚನ್ನಗಿರಿ ತೋಟ ನಾಳೆ ಯಾರಿಗೆ?" ಯಜಮಾನರನ್ನು ಕೇಳಿದರೆ "ನಿನ್ನಿಷ್ಟ" ಎಂದು ಮೊಬೈಲ್ ನೋಡುತ್ತಾ ಕೂರುತ್ತಾರೆ. ಈ ನಡುವೆ ಅವರ ಸಂಬಂಧಿಯೊಬ್ಬರು, ಗುರುತಿನ ನರ್ಸಿಂಗ್ ಹೋಮ್‌ನಿಂದ ‘ನಮ್ಮ ಕಡೆಯದೇ’ ಮಗು ಕೊಡಿಸುತ್ತೇನೆ, ನಾಲ್ಕು ಲಕ್ಷ ಆಗುತ್ತೆ, ಜನನ ಪ್ರಮಾಣಪತ್ರ ನೇರ ನಿಮ್ಮ ಹೆಸರಿಗೇ ಬರುತ್ತೆ ಎನ್ನುತ್ತಿದ್ದಾರೆ. ಕರ್ನಾಟಕದ ಮಗುವೇ ಬೇಕು ಎಂದು ಪೋರ್ಟಲ್‌ನಲ್ಲಿ ಬದಲಾಯಿಸಲಾ? ಇಲ್ಲಾ ಸಂಬಂಧಿಯ ಮಾತು ಕೇಳಲಾ? ತಲೆ ಕೆಟ್ಟುಹೋಗಿದೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ನಾಲ್ಕು ಲಕ್ಷದ ವಿಷಯ ಮುಗಿಸಿಬಿಡೋಣ. ನಿಮ್ಮ ಸಂಬಂಧಿ ಹೇಳುತ್ತಿರುವುದು ದತ್ತು ಅಲ್ಲವೇ ಅಲ್ಲ, ಮಗುವಿನ ವ್ಯಾಪಾರ. ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ ಮಗುವನ್ನು ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿ ದಂಡ. ಆಸ್ಪತ್ರೆಯವರೇ ಕೈ ಹಾಕಿದ್ದರೆ ಅವರಿಗೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗಬಹುದು. ಜೈಲಿನ ಮಾತು ಪಕ್ಕಕ್ಕಿಡಿ. ಎರಡು ವರ್ಷ ಸಾಕಿ, ಮಗು ಅಮ್ಮಾ ಎಂದು ಕಾಲಿಗೆ ಸುತ್ತಿಕೊಳ್ಳುವ ಹೊತ್ತಿಗೆ ಪೊಲೀಸರು ಬಂದರೆ? ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುತ್ತದೆ, ನೀವು ಸ್ಟೇಷನ್ನಿಗೆ.

ಇನ್ನೊಂದು ಮಾತು. ಸರಿಯಾದ ದಾರಿಯಲ್ಲಿ, ಹೆತ್ತವಳು ಮಗುವನ್ನು ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು ಅವಳಿಗೆ 60 ದಿನ ಇರುತ್ತದೆ. ಆ ನರ್ಸಿಂಗ್ ಹೋಮ್‌ನಲ್ಲಿ ಮಲಗಿರುವ ಹುಡುಗಿಗೆ ಯಾರು ಟೈಮ್ ಕೊಟ್ಟರು? ಅವಳಿಗೆ ಏನು ಹೇಳಿ ಒಪ್ಪಿಸಿದ್ದಾರೋ, ನಾಲ್ಕು ಲಕ್ಷದಲ್ಲಿ ಅವಳ ಕೈಗೆ ಎಷ್ಟು ಹೋಗುತ್ತದೋ. ಸಂಬಂಧಿಗೆ ಬೇಡ ಎಂದು ಇವತ್ತೇ ಹೇಳಿ. ಅಲ್ಲಿ ನಿಜಕ್ಕೂ ಮಗು ಕೈ ಬದಲಾಗುವ ಹಾಗೆ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಿ. ನೆಂಟಸ್ತನ ಕೆಡುತ್ತೆ ಅಂತ ಹೆದರಬೇಡಿ. ಇಂಥ ನೆಂಟಸ್ತನ ಉಳಿಸಿಕೊಂಡು ಆಗಬೇಕಾದ್ದೇನು?

ಇನ್ನು ಅತ್ತೆಯವರ ಮಾತು. ಅದರಲ್ಲಿ ನಾಲ್ಕು ಭಯ ಇವೆ. ಎಲ್ಲದಕ್ಕೂ ಒಂದೇ ತೂಕ ಕೊಡಬೇಕಾಗಿಲ್ಲ.

ತೋಟದ ಪ್ರಶ್ನೆಗೆ ಉತ್ತರ ಸುಲಭ. ದತ್ತು ಆದೇಶ ಆದ ದಿನದಿಂದ ಕಾನೂನಿನ ಕಣ್ಣಿಗೆ ಆ ಮಗು ನೀವೇ ಹೆತ್ತ ಹಾಗೆ, ಆಸ್ತಿ ಹಕ್ಕೂ ಸೇರಿ. ಮೊದಲು ಈ ಆದೇಶ ಕೋರ್ಟಿನಿಂದ ಬರಬೇಕಿತ್ತು. 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಯೇ ಕೊಡುತ್ತಾರೆ. ಮಗು ಒಡಿಶಾದ್ದಾದರೂ ಹಾವೇರಿಯದಾದರೂ ಇದರಲ್ಲಿ ವ್ಯತ್ಯಾಸ ಇಲ್ಲ. ಜನನ ಪ್ರಮಾಣಪತ್ರವೂ ನಿಮ್ಮಿಬ್ಬರ ಹೆಸರಲ್ಲೇ ಆಗುತ್ತದೆ, ಯಾರಿಗೂ ನಾಲ್ಕು ಲಕ್ಷ ಕೊಡದೆ. ನಿಗದಿಯಾದ ಶುಲ್ಕ ಮಾತ್ರ, ಅದಕ್ಕೆ ರಸೀದಿ.

ಭಾಷೆಯದಂತೂ ಭಯವೇ ಅಲ್ಲ. ದಾವಣಗೆರೆಯವರು ಇದನ್ನು ಕೇಳಬಾರದು! ಚೌಕಿಪೇಟೆಗೆ ಸೀರೆ ತರಲು ಹೋಗುತ್ತೀರಲ್ಲ, ಅಲ್ಲಿ ಗಲ್ಲಾ ಮೇಲೆ ಕೂತ ಮಾರವಾಡಿ ಹುಡುಗ ‘ಬರ್ರೀ ಅಕ್ಕಾರ, ಕೂಡ್ರೀ’ ಅನ್ನುವಾಗ ಅತ್ತೆಯವರಿಗೆ ಅವನ ಅಜ್ಜ ಯಾವ ಊರಿನವನು ಅಂತ ನೆನಪಾಗುತ್ತದೆಯೇ? ಎಂಟು ತಿಂಗಳ ಮಗುವಿಗೆ ಮಾತೇ ಇನ್ನೂ ಬಂದಿರುವುದಿಲ್ಲ. ಅದು ಕಲಿಯುವುದು ನಿಮ್ಮ ಮನೆಯ ಮಾತನ್ನೇ.

ಜಾತಿ, ಬಣ್ಣ. ಈ ಎರಡರ ಬಗ್ಗೆ ನನಗೆ ತಾಳ್ಮೆ ಕಡಿಮೆ, ಮುಚ್ಚಿಡುವುದಿಲ್ಲ. ಆದರೆ ಜನ ಕೇಳುತ್ತಾರೆ ಅನ್ನುವುದು ನಿಜ. ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ, ಮಗುವಿನ ಮುಂದೆಯೇ ಕೇಳುತ್ತಾರೆ. ಕರ್ನಾಟಕದ ಮಗು ತಂದರೂ ಕೇಳುತ್ತಾರೆ. ಆದ್ದರಿಂದ ಅದಕ್ಕೋಸ್ಕರ ರಾಜ್ಯ ಬದಲಾಯಿಸುವುದು ಸುಮ್ನೆ. ಒಂದೇ ರಾಜ್ಯಕ್ಕೆ ಅಂಟಿಕೊಂಡರೆ ಮಕ್ಕಳ ಸಂಖ್ಯೆ ಕಡಿಮೆ, ಕಾಯುವುದು ಜಾಸ್ತಿ. ಆರೋಗ್ಯವಂತ ಎಳೆ ಮಗುವಿಗೆ ಮೂರು ವರ್ಷ ದಾಟಿ ಕಾಯುವುದು ಈಗ ಮಾಮೂಲು. ನೀವು ಅದನ್ನು ಕಾದು ಮುಗಿಸಿದ್ದೀರಿ. ಮತ್ತೆ ಯಾಕೆ?

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಅತ್ತೆಯವರ ಬಗ್ಗೆ ನಾಲ್ಕು ಸಾಲು ಬರೆದಿದ್ದೀರಿ, ಯಜಮಾನರ ಬಗ್ಗೆ ಒಂದೇ ಸಾಲು. ನನಗೆ ಚಿಂತೆ ಆ ಒಂದು ಸಾಲಿನದು.

ಅವರು ಬೇಡ ಎನ್ನುತ್ತಿಲ್ಲ, ಸರಿ. ಆದರೆ ನಾಳೆ ಮಗು ರಾತ್ರಿಯಿಡೀ ಅತ್ತರೆ, ಶಾಲೆಯಲ್ಲಿ ಹಿಂದೆ ಬಿದ್ದರೆ, ಹದಿಮೂರಕ್ಕೆ ಬಾಗಿಲು ಧಡಾರ್ ಅಂತ ಹಾಕಿಕೊಂಡರೆ, ‘ನಿನ್ನಿಷ್ಟ ಅಂದಿದ್ದೆನಲ್ಲ’ ಎನ್ನುವ ಬಾಗಿಲು ಅವರಿಗೆ ತೆರೆದೇ ಇರುತ್ತದೆ. ದತ್ತು ವಿಷಯದಲ್ಲಿ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಬೇಕು ಎಂದು ನಿಯಮವೇ ಇದೆ. ಸಮಾಜ ಕಾರ್ಯಕರ್ತರು ಮನೆಗೆ ಬಂದಾಗ ಯಜಮಾನರೂ ಪಕ್ಕದಲ್ಲಿ ಕೂತು ಹೂಂ ಅಂದಿರಬೇಕು. ಆ ಹೂಂ ಈಗಲೂ ಇದೆಯಾ ಅಂತ ನೋಡಿ.

ಮನೆಯಲ್ಲಿ ಕೇಳಬೇಡಿ. ಅಮ್ಮ ಅಡುಗೆಮನೆಯಲ್ಲಿ ಇದ್ದರೆ ಯಾವ ಮಗನೂ ಬಾಯಿ ಬಿಡುವುದಿಲ್ಲ. ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಕರೆದುಕೊಂಡು ಹೋಗಿ. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಾಗಿರುವುದಿಲ್ಲ, ಗಂಡಸರಿಗೆ ಮಾತು ಸುಲಭ. ‘ಮಗು ಬೇಕಾ ಬೇಡವಾ’ ಎಂದು ಕೇಳಿದರೆ ಮತ್ತೆ ನಿನ್ನಿಷ್ಟವೇ ಬರುತ್ತದೆ. ಬೇರೆ ರೀತಿ ಕೇಳಿ. ಅಮ್ಮ ಆರು ತಿಂಗಳು ಮಗುವನ್ನು ಎತ್ತಿಕೊಳ್ಳಲಿಲ್ಲ ಅಂದರೆ ನೀವು ಏನು ಮಾಡ್ತೀರಿ? ಅಂಗಡಿಗೆ ಬಂದ ಗಿರಾಕಿ ‘ಇದು ನಿಮ್ದೇನಾ ಸ್ವಾಮಿ’ ಅಂದರೆ ಏನು ಹೇಳ್ತೀರಿ? ಮಗು ನಡೆಯುವುದು, ಮಾತಾಡುವುದು ತಡವಾದರೆ ಡಾಕ್ಟರ್ ಹತ್ತಿರ ಯಾರು ಕರೆದುಕೊಂಡು ಹೋಗೋದು? ಉತ್ತರ ತಪ್ಪಾಗಿದ್ದರೂ ಪರವಾಗಿಲ್ಲ. ಉತ್ತರ ಅಂತ ಒಂದು ಬರಬೇಕು. ಬೇಡ ಅನ್ನುವುದೇ ಅವರ ಮನಸ್ಸಿನಲ್ಲಿದ್ದರೆ ಈಗಲೇ ಗೊತ್ತಾಗಲಿ. ನಿಮಗೆ ನೋವಾಗುತ್ತದೆ, ನಿಜ. ಬೇಡ ಅನ್ನುವ ಅಪ್ಪನ ಮನೆಗೆ ಬಂದ ಮಗುವಿಗೆ ಅದಕ್ಕಿಂತ ಜಾಸ್ತಿ ನೋವಾಗುತ್ತದೆ. ಹೂಂ ಅಂದರೆ ಮಾತ್ರ ಅಮ್ಮನ ಹತ್ತಿರ ಮಾತಾಡಬೇಕಾದವರು ಅವರೇ. ಅತ್ತೆಯ ಪ್ರಶ್ನೆಗೆ ಸೊಸೆ ಉತ್ತರ ಕೊಟ್ಟರೆ ಜಗಳ ಆಗುತ್ತದೆ. ಮಗ ಕೊಟ್ಟರೆ ಅಲ್ಲಿಗೆ ಮುಗಿಯುತ್ತದೆ.

ಇದೆಲ್ಲಾ ಈಗಲೇ ಯಾಕೆ ಅಂದರೆ, ಪೋರ್ಟಲ್‌ನಲ್ಲಿ ನಿಮಗೆ ಮಗುವನ್ನು ತೋರಿಸಿದ ಮೇಲೆ ಕಾಯ್ದಿರಿಸಲು ಇರುವುದು 48 ಗಂಟೆ. ಫೋಟೊ, ಮಗುವಿನ ಹಿನ್ನೆಲೆ ವರದಿ, ವೈದ್ಯಕೀಯ ವರದಿ ಒಟ್ಟಿಗೆ ಬರುತ್ತವೆ. ಆ ಎರಡು ದಿನ ವರದಿ ಓದುವುದಕ್ಕೆ ಬೇಕು, ಅತ್ತೆಯನ್ನು ಒಪ್ಪಿಸುವುದಕ್ಕೆ ಅಲ್ಲ. ನಿಮಗೆ ನಂಬಿಕೆಯ ಮಕ್ಕಳ ಡಾಕ್ಟರ್ ಒಬ್ಬರಿಗೆ ಮುಂಚೆಯೇ ಹೇಳಿಟ್ಟಿರಿ, ‘ಹೀಗೊಂದು ವರದಿ ವಾಟ್ಸಾಪ್ ಮಾಡ್ತೀನಿ, ಅವತ್ತೇ ನೋಡಿ ಹೇಳಬೇಕು’ ಅಂತ. ಕಾಯ್ದಿರಿಸಿದ ಮೇಲೆ ಮಗು ಇರುವ ದತ್ತು ಸಂಸ್ಥೆಗೆ ಹೋಗಿ ಮಗುವನ್ನು ನೋಡಬಹುದು, ನಿಮಗೆ ಬೇಕಾದ ವೈದ್ಯರಿಂದ ತಪಾಸಣೆ ಮಾಡಿಸಬಹುದು. ಎಲ್ಲ ಸರಿಹೋದರೆ ಅಂತಿಮ ಆದೇಶಕ್ಕೆ ಮೊದಲೇ ಮಗುವನ್ನು ಮನೆಗೆ ಕರೆತರಲು ಅವಕಾಶ ಇದೆ. ಆಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬಂದು ಮಗು ಹೇಗಿದೆ ಎಂದು ನೋಡುತ್ತಾರೆ. ಅತ್ತೆಯವರಿಗೆ ಇದನ್ನೂ ಈಗಲೇ ಹೇಳಿ, ಇಲ್ಲದಿದ್ದರೆ ‘ಯಾರ್ರೀ ಇವರು ಫೈಲ್ ಹಿಡ್ಕಂಡು ಬಂದೋರು’ ಅಂತ ಗಾಬರಿ ಆಗುತ್ತಾರೆ.

ದೂರದ ಊರಿನ ಮಗು ಅನ್ನುವುದು ನಿಜವಾಗಿ ತೊಂದರೆ ಕೊಡುವುದು ಮೊದಲ ಕೆಲವು ವಾರ. ಅದರ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಅಲ್ಲಿಗೆ ಹೋದಾಗ ಸಹಿ ಹಾಕುವ ಗಡಿಬಿಡಿಯಲ್ಲಿ ಮಗುವನ್ನು ನೋಡಿಕೊಳ್ಳುವ ಆಯಾಳನ್ನು ಮರೆಯಬೇಡಿ. ಭಾಷೆ ಬರದಿದ್ದರೂ ಯಾರಾದರೂ ಹಿಂದಿಯಲ್ಲಿ ಹೇಳುತ್ತಾರೆ. ಯಾವ ಹಾಲಿನ ಪುಡಿ, ಎಷ್ಟು ಹೊತ್ತಿಗೆ, ಎಷ್ಟು ಬಿಸಿ? ಹೇಗೆ ಮಲಗಿಸುತ್ತಾರೆ, ತೊಡೆ ಮೇಲೋ ಹೆಗಲ ಮೇಲೋ? ಆಯಾ ಹಾಡುವ ಜೋಗುಳವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಗು ಹೊದ್ದು ಮಲಗುವ ಬಟ್ಟೆಯನ್ನು ಒಗೆಯದೆ ಹಾಗೇ ಕೊಡಿ ಎಂದು ಕೇಳಿ ತನ್ನಿ. ಹತ್ತು ಮಕ್ಕಳು ಒಂದೇ ಕೋಣೆಯಲ್ಲಿ ಲೈಟ್ ಹಾಕಿಕೊಂಡು ಮಲಗುವ ಜಾಗದಿಂದ ಬಂದ ಮಗುವಿಗೆ ನಿಮ್ಮ ಕತ್ತಲೆ ರೂಮು, ನಿಶ್ಶಬ್ದ, ಎರಡೂ ಹೊಸದು. ಸ್ವಲ್ಪ ದಿನ ಸಣ್ಣ ದೀಪ ಇರಲಿ. ಮೊದಲ ದಿನವೇ ರಾಗಿ ಸರಿ ತಿನ್ನಿಸಲು ಹೋಗಬೇಡಿ. ಅಲ್ಲಿ ಕುಡಿಯುತ್ತಿದ್ದ ಹಾಲಿನ ಪುಡಿಯೇ ಒಂದಷ್ಟು ದಿನ ಮುಂದುವರಿಯಲಿ.

ತೊಟ್ಟಿಲು ಶಾಸ್ತ್ರ ಎರಡು ತಿಂಗಳು ತಡವಾಗಲಿ. ಇಷ್ಟು ದಿನ ಪಾಳಿ ಪ್ರಕಾರ ಬದಲಾಗುವ ಕೈಗಳಲ್ಲಿ ಬೆಳೆದ ಮಗು ಅದು. ಉಣ್ಣಿಸುವುದು, ಎತ್ತಿಕೊಳ್ಳುವುದು, ಮಲಗಿಸುವುದು ಮೊದಮೊದಲು ನೀವಿಬ್ಬರೇ ಮಾಡಿ. ನೂರು ಜನ ನೆಂಟರು ಕೈಯಿಂದ ಕೈಗೆ ಸಾಗಿಸಿದರೆ ತನ್ನವರು ಯಾರು ಅನ್ನುವುದು ಅದಕ್ಕೆ ಗೊತ್ತಾಗುವುದು ನಿಧಾನ. ಎಣ್ಣೆ ಹಚ್ಚಿ, ಕಾಲು ನೀಡಿ ಮಲಗಿಸಿಕೊಂಡು ನೀರು ಹಾಕುವುದು ಮಾತ್ರ ನಿಮಗೆ ಬರುವುದಿಲ್ಲ, ಅಲ್ವಾ? ಒಂದು ತಿಂಗಳು ಕಳೆದ ಮೇಲೆ ಅದನ್ನು ಅತ್ತೆಯವರಿಗೇ ಕೇಳಿ. ಮೊದಲು ಗೊಣಗುತ್ತಾರೆ. ಮಾಡುತ್ತಾರೋ ಇಲ್ಲವೋ, ನನ್ನ ಅಂದಾಜು ಮಾಡುತ್ತಾರೆ.

ದತ್ತು ಅನ್ನುವುದನ್ನು ಮಗುವಿನಿಂದ ಮುಚ್ಚಿಡಬೇಡಿ. ಎರಡು ಮೂರು ವರ್ಷಕ್ಕೇ ಕಥೆಯ ಹಾಗೆ ಹೇಳಲು ಶುರು ಮಾಡಿ, ರೈಲು ಹತ್ತಿ ನಿನ್ನ ಕರ್ಕೊಂಡು ಬರೋಕೆ ಹೋಗಿದ್ವಿ ಅಂತ. ನಿಮ್ಮ ಬಾಯಲ್ಲಿ ಕೇಳದಿದ್ದರೆ ಯಾವುದೋ ಮದುವೆಯಲ್ಲಿ ಯಾರೋ ದೂರದ ಅತ್ತೆಯ ಬಾಯಲ್ಲಿ ಕೇಳುತ್ತದೆ.

ಕೊನೆಗೆ ಒಂದು ಕಾಗದದ ಕೆಲಸ. ಸಮಾಜ ಕಾರ್ಯಕರ್ತರು ನಿಮ್ಮ ಮನೆಗೆ ಬಂದು ನೋಡಿ ಬರೆದ ‘ಮನೆ ಅಧ್ಯಯನ ವರದಿ’ಗೆ ಇರುವುದು ಮೂರು ವರ್ಷದ ಅವಧಿ. ನೀವು ಹೆಸರು ಬರೆಸಿ ಮೂರು ವರ್ಷ ಆಯ್ತು ಅನ್ನುತ್ತೀರಿ. ನಾಳೆಯೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅದು ಚಾಲ್ತಿಯಲ್ಲಿದೆಯೋ, ನವೀಕರಣ ಬೇಕೋ ಕೇಳಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಅಂಗಡಿಯನ್ನು ಅರ್ಧ ದಿನ ಹುಡುಗರು ನೋಡಿಕೊಳ್ಳುತ್ತಾರೆ. ಪೋರ್ಟಲ್‌ನಲ್ಲಿ ಕೊಟ್ಟ ಮೊಬೈಲ್ ನಂಬರ್, ಇಮೇಲ್ ಈಗಲೂ ಅವೇನಾ ನೋಡಿ. ಇಮೇಲ್‌ನ ಸ್ಪ್ಯಾಮ್ ಫೋಲ್ಡರ್ ಕೂಡ ದಿನಾ ಒಮ್ಮೆ ತೆರೆಯಿರಿ.