ಕಾರಿಲ್ಲದೆ ಫ್ರಾನ್ಸಿನ ಹಳ್ಳಿಯಲ್ಲಿ ಬೇಸಿಗೆ ರಜೆ ಕಳೆಯಬಹುದಾ?

ಹೈನುಗಾರರ ಹಳ್ಳಿಯಲ್ಲಿ ರೂಮು ಮಾಡಿ, ಶಾಂತವಾಗಿ ಥೀಸಿಸ್ ಬರೆಯಬೇಕು ಅಂತಿದ್ದೀರಿ, ಕಾರಿಲ್ಲ. ಫ್ರಾನ್ಸಿನ ಕ್ಲೆರ್ಮೊಂ-ಫೆರಾಂ ನಗರದಲ್ಲಿ ಓದುವಾಗ ನನ್ನ ತಲೆಯಲ್ಲೂ ಇದೇ ಹುಳ ಹೊಕ್ಕಿತ್ತು. ಕಾಂತಾಲ್ ಜಿಲ್ಲೆಯ ಸಾಲೇರ್ ಹತ್ತಿರ ಒಂದು ರೈತರ ಮನೆಯಲ್ಲಿ ಕೋಣೆ ಹಿಡಿದೆ.

ಸುಮಾರು 950 ಮೀಟರ್ ಎತ್ತರದಲ್ಲಿ, ಕಪ್ಪು ಜ್ವಾಲಾಮುಖಿ ಕಲ್ಲಿನಲ್ಲಿ ಕಟ್ಟಿದ ಊರು ಸಾಲೇರ್. ಜನ ಮುನ್ನೂರರ ಆಸುಪಾಸು. ಅಲ್ಲಿನ ಹಸುವಿಗೂ ಚೀಸ್‌ಗೂ ಊರಿನದೇ ಹೆಸರು. ಊರ ನಡುವಿನ ಚೌಕದಲ್ಲಿ 19ನೇ ಶತಮಾನದಲ್ಲಿ ಈ ತಳಿಯನ್ನು ಸುಧಾರಿಸಿದ ತಿಸ್ಸಾಂದಿಯೆ ದೆಸ್ಕೂ ಅವರ ಸ್ಮಾರಕವಿದೆ. ಹಸು ಕಡುಗೆಂಪು, ಉದ್ದ ಕೊಂಬು. ನಮ್ಮ ನಾಟಿ ಹಸುವಿನ ಹಾಗೇ, ಕರು ಬಿಡದೆ ಸೊರೆ ಬಿಡುವುದಿಲ್ಲ. ಮೊದಲು ಕರು ಕುಡಿಯಬೇಕು. ಆಮೇಲೆ ಅದನ್ನು ತಾಯಿಯ ಮುಂದೆ ಕಟ್ಟಿ, ಬೆನ್ನ ಮೇಲೆ ಉಪ್ಪು ಉದುರಿಸುತ್ತಾರೆ. ತಾಯಿ ನೆಕ್ಕುತ್ತಾ ನಿಲ್ಲುತ್ತೆ, ಇವರು ಹಾಲು ಕರೆಯುತ್ತಾರೆ. ಇಷ್ಟು ರಗಳೆ ಬೇಡ ಅಂತ ಈಗ ಹೆಚ್ಚಿನವರು ಈ ತಳಿಯನ್ನು ಮಾಂಸಕ್ಕೆ ಸಾಕುತ್ತಾರೆ.

ಶಾಂತಿ ಅಂದಿರಲ್ಲ, ಅದನ್ನು ಮರೆತುಬಿಡಿ. ಸಾಲೇರ್ ಚೀಸ್ ಮಾಡುವುದು ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ ಮಾತ್ರ, ಹಸು ಹಸಿ ಹುಲ್ಲು ಮೇಯುವ ಕಾಲದಲ್ಲಿ. ಕರೆದ ಹಾಲು ಬಿಸಿ ಆರುವ ಮುಂಚೆ ಮರದ ಬಾನಿಗೆ ಬೀಳಬೇಕು. ಅಂದರೆ ನಿಮ್ಮ ರಜೆ ಅವರಿಗೆ ಸುಗ್ಗಿ. ನಸುಕಿನಲ್ಲೇ ಗಂಟೆ ಸದ್ದು, ಕರುಗಳ ಕೂಗು, ಹುಲ್ಲು ಕೊಯ್ಯುವ ಟ್ರ್ಯಾಕ್ಟರು. 2022ರ ಆಗಸ್ಟ್‌ನಲ್ಲಿ ಬರದಿಂದ ಹುಲ್ಲು ಒಣಗಿ, ಚೀಸ್ ಮಾಡುವುದನ್ನೇ ನಿಲ್ಲಿಸಿದ್ದರು. ಅಂಥ ವರ್ಷ ಹೋದರೆ ಮನೆಯವರ ಮುಖ ನೋಡೋಕಾಗಲ್ಲ.

ಇನ್ನು ಕಾರು. ನನಗೆ ಪೆಟ್ಟು ಬಿದ್ದಿದ್ದೇ ಇಲ್ಲಿ. ಫ್ರಾನ್ಸಿನಲ್ಲಿ ಉಳಿಯುವ ಪರವಾನಗಿ ಕಾರ್ಡ್ ನವೀಕರಣಕ್ಕೆ ಸರ್ಕಾರಿ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಇತ್ತು. ಬೆಳಗಿನ ಬಸ್ ಹಿಡಿದು ಪೇಟೆ ಸೇರಿ, ಅಲ್ಲಿಂದ ಕ್ಲೆರ್ಮೊಂಗೆ ಹೋಗೋಣ ಅಂದುಕೊಂಡೆ. ವೇಳಾಪಟ್ಟಿಯ ಫೋಟೋ ಮೊಬೈಲ್‌ನಲ್ಲಿತ್ತು, ಬಸ್ಸಿನ ಹೊತ್ತೂ ಸರಿಯಾಗೇ ಇತ್ತು. ಆದರೆ ಆ ಸಾಲಿನ ಪಕ್ಕ ಒಂದು ಪುಟ್ಟ ಗುರುತು, ಅದರ ಅರ್ಥ ಹಾಳೆಯ ಕೆಳಗೆ: ಶಾಲೆ ನಡೆಯುವ ದಿನಗಳಲ್ಲಿ ಮಾತ್ರ. ಅದು ಮಕ್ಕಳಿಗಾಗಿ ಓಡುವ ಬಸ್ಸು, ಜುಲೈನಲ್ಲಿ ಅಲ್ಲಿ ಬೇಸಿಗೆ ರಜೆ, ಮಕ್ಕಳೆಲ್ಲಿ? ನಮ್ಮೂರಲ್ಲಾದರೆ ಒಂದು ಹೋದರೆ ಟೆಂಪೋ ಸಿಗುತ್ತೆ, ಹಾಲಿನ ಗಾಡಿಯಾದರೂ ಸಿಗುತ್ತೆ. ಅಲ್ಲಿ ಕೈ ಅಡ್ಡ ಹಾಕೋಕೂ ಗಾಡಿ ಬರಲಿಲ್ಲ. ಮನೆಯವರು ಮೇಲಿನ ಹುಲ್ಲುಗಾವಲಿನಲ್ಲಿದ್ದರು, ಫೋನ್ ಸಿಗಲಿಲ್ಲ. ಅಪಾಯಿಂಟ್‌ಮೆಂಟ್ ಹೋಯ್ತು. ಮತ್ತೆ ಸಿಗೋಕೆ ತಿಂಗಳುಗಳೇ ಹಿಡಿದವು. ಅದರಿಂದಾಗಿ, ಮೊದಲೇ ಸಿಕ್ಕಿದ್ದ ಇಂಟರ್ನ್‌ಶಿಪ್ಪೂ ಕೈತಪ್ಪಿತು.

ಥೀಸಿಸ್ ಲೈಬ್ರರಿಯಲ್ಲೇ ಬರೆದು ಮುಗಿಸಿ. ಹಳ್ಳಿಗೆ ಹೋಗುವುದಾದರೆ ಕಾರಿರುವ ಗೆಳೆಯರ ಜೊತೆ, ಕೆಲಸಕ್ಕೆ ಕೈ ಜೋಡಿಸೋಕೆ ಅಂತಲೇ ಹೋಗಿ. ರಾತ್ರಿ ತ್ರುಫಾದ್ ಮಾಡುತ್ತಾರೆ, ಆಲೂಗಡ್ಡೆಗೆ ಎಳೆ ಚೀಸ್ ಕಲಸಿದ್ದು, ಬಹಳ ಚೆನ್ನಾಗಿರುತ್ತೆ. ಮಾಂಸ ತಿನ್ನದವರಾದರೆ ಹಂದಿಮಾಂಸದ ಚೂರು ಹಾಕಬೇಡಿ ಅಂತ ಬಾಣಲೆ ಒಲೆ ಮೇಲಿಡುವ ಮುಂಚೆಯೇ ಹೇಳಿಬಿಡಿ.