ಡಾರ್ಕ್ ಏಲ್‌ಗೆ ಜೇನು ಸೇರಿಸಿದರೂ ಸಿಹಿ ಬಾರದೇಕೆ?

ಪ್ರಶ್ನೆ: ನಾನು ಕಾಪುವಿನವನು, ಮ್ಯಾಂಚೆಸ್ಟರ್‌ನಲ್ಲಿ ಉದ್ಯೋಗದಲ್ಲಿದ್ದು, ಈಗ ರಜೆಯಲ್ಲಿ ಊರಿಗೆ ಬಂದಿದ್ದೇನೆ. ಅಲ್ಲಿ ಡಾರ್ಕ್ ಏಲ್ ಎಂಬ ಗಾಢ ಬಣ್ಣದ ಬಿಯರಿನ 1.7 ಕಿಲೋದ ಕಿಟ್‌ಗೆ, ಅಂದರೆ ಡಬ್ಬಿಯಲ್ಲಿ ಬರುವ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಸಾರಕ್ಕೆ, ಸಕ್ಕರೆಯ ಬದಲು ಒಂದು ಕಿಲೋ ಜೇನುತುಪ್ಪ ಬೆರೆಸಿ ಬಿಯರ್ ಮಾಡಿದ್ದೆ. ಬಿಯರ್ ತೆಳ್ಳಗಾಯಿತು, ಜೇನಿನ ರುಚಿಯೂ ಬರಲಿಲ್ಲ. ಮಾಲ್ಟ್ ಸೇರಿಸಿದರೆ ಸರಿಹೋಗುವುದೇ? ಗುಳ್ಳೆ ನಿಂತ ಕೂಡಲೇ ಬಾಟಲಿಗೆ ತುಂಬಬಹುದೇ? ನಮ್ಮ ತೋಟದ ತುಡುವೆ ಜೇನು ಆದೀತೇ? ಕಿಟ್ ತಂದು ಇಲ್ಲೇ ಮಾಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಇಲ್ಲಿ ಮಾಡಬೇಡಿ. ಬ್ರಿಟನ್ನಿನಲ್ಲಿ 1963ರಿಂದಲೇ ಸ್ವಂತ ಬಳಕೆಯ ಬಿಯರ್‌ಗೆ ಪರವಾನಗಿ ಬೇಕಿಲ್ಲ. ಆದರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಮ್ಮ ಮೂರ್ತೆದಾರರು ಕಳ್ಳು ಇಳಿಸುವುದಕ್ಕೂ ಪರವಾನಗಿ ಬೇಕು. ಆದ್ದರಿಂದ ಮುಂದಿನದೆಲ್ಲ ನಿಮ್ಮ ಮ್ಯಾಂಚೆಸ್ಟರ್ ಮನೆಗೆ.

ಜೇನಿನಲ್ಲಿ ಶೇಕಡ 80ರಷ್ಟು ಸಕ್ಕರೆಯೇ ಇದ್ದು, ಅದರಲ್ಲಿ ಬಹುಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್ ಆಗಿರುವುದರಿಂದ, ಯೀಸ್ಟ್ ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಿಂದು ಮುಗಿಸುತ್ತದೆ. ಉಳಿಯುವುದು ಆಲ್ಕೋಹಾಲ್ ಮತ್ತು, ಅದೃಷ್ಟವಿದ್ದರೆ, ಒಂದಿಷ್ಟು ಪರಿಮಳ. ಮಾಲ್ಟ್ ಸಾರದಲ್ಲಾದರೋ ಯೀಸ್ಟಿಗೆ ದಕ್ಕದ ಡೆಕ್ಸ್‌ಟ್ರಿನ್‌ಗಳೆಂಬ ಪಿಷ್ಟದ ತುಣುಕುಗಳಿದ್ದು, ಬಿಯರ್ ಬಾಯಲ್ಲಿ ತುಂಬಿಕೊಂಡಂತೆ ಅನ್ನಿಸುವುದು ಅವುಗಳಿಂದಲೇ. ಡಾರ್ಕ್ ಏಲ್‌ನಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಆಸರೆಯಿಲ್ಲದಾಗ ಹುರಿದ ಮಾಲ್ಟಿನ ಕಹಿಯೊಂದೇ ನಾಲಿಗೆಗೆ ಸಿಗುತ್ತದೆ.

ಹಾಗಾಗಿ ಜೇನನ್ನು ಅರ್ಧ ಕಿಲೋಗೆ ಇಳಿಸಿ, ಅರ್ಧ ಕಿಲೋ ಒಣ ಮಾಲ್ಟ್ ಪುಡಿ ಸೇರಿಸಿ, ಕಿಟ್‌ನಲ್ಲಿ ಹೇಳುವ 23 ಲೀಟರಿನ ಬದಲು ಒಟ್ಟು 20 ಲೀಟರಿಗೆ ನಿಲ್ಲಿಸಿ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಆರಂಭದ ಅಂಕಿ, ಆಮೇಲೆ ಸೇರುವ ಜೇನನ್ನೂ ಲೆಕ್ಕ ಹಿಡಿದರೆ, 1.042ರ ಆಸುಪಾಸು ಆಗುತ್ತದೆ, 1.010ಕ್ಕೆ ಇಳಿದಾಗ ಬಿಯರ್ ಶೇಕಡ 4ಕ್ಕಿಂತ ಸ್ವಲ್ಪ ಮೇಲಿರುತ್ತದೆ. ಕುದಿಸಿದರೆ ಜೇನಿನ ಪರಿಮಳ ಹಬೆಯೊಡನೆ ಹೊರಟುಹೋಗುತ್ತದೆ. ಹುದುಗುವಿಕೆಯ ಆರಂಭದ ರಭಸದಲ್ಲಿ ಹೊಮ್ಮುವ ಅನಿಲವೂ ಪರಿಮಳವನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಮೂರು ನಾಲ್ಕು ದಿನ ಕಳೆದು ಮೇಲಿನ ನೊರೆ ಕುಸಿಯತೊಡಗಿದಾಗ, ಜೇನನ್ನು ಬೆಚ್ಚಗಿನ ನೀರಿನಲ್ಲಿ ಸಡಿಲಗೊಳಿಸಿ, ಕಲಕದೆ ಮೆಲ್ಲನೆ ಸುರಿಯಿರಿ.

ಗುಳ್ಳೆಯನ್ನು ನಂಬಬೇಡಿ. ಮುಚ್ಚಳ ಸಡಿಲವಿದ್ದರೆ ಅನಿಲ ಅಲ್ಲಿಂದಲೇ ನುಸುಳಿ, ಹುದುಗುವಿಕೆ ನಡೆಯುತ್ತಿದ್ದರೂ ಗುಳ್ಳೆ ಕಾಣದು. ಕೋಣೆ ಬಿಸಿಯಾದರೆ ಎಲ್ಲ ಮುಗಿದ ಮೇಲೂ ಕಂಡೀತು. ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಿದ ಮೇಲಷ್ಟೇ ಬಾಟಲಿಗೆ ತುಂಬಿ, ಲೀಟರಿಗೆ 5ರಿಂದ 6 ಗ್ರಾಂ ಸಕ್ಕರೆ ಹಾಕಿದರೆ ಸಾಕು. ಕೊನೆಗೆ ಸೇರಿದ ಜೇನು ಪೂರ್ತಿ ಹುದುಗಿ ಮುಗಿಯುವ ಮೊದಲೇ ಬಿರಡೆ ಬಿಗಿದರೆ ಗಾಜು ಸಿಡಿದು ಚೂರಾಗುವುದುಂಟು. ಇದು ತಮಾಷೆಯ ಮಾತಲ್ಲ.

ಪೀಪಾಯಿ ಇಡುವ ಕೋಣೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಇರಲಿ. ನಮ್ಮ ಕರಾವಳಿಯ ಸೆಕೆಯಂಥ 30 ಡಿಗ್ರಿಯಲ್ಲಿ ಯೀಸ್ಟ್ ಬೇಗ ಕೆಲಸ ಮುಗಿಸೀತು, ಆದರೆ ಹಣ್ಣಿನ ವಾಸನೆಯೂ ಗಂಟಲು ಸುಡುವ ಘಾಟೂ ಬರುತ್ತವೆ.

ನಿಮ್ಮ ತುಡುವೆ ಜೇನು ಖಂಡಿತ ಆದೀತು. ಅದರಲ್ಲಿ ನೀರಿನಂಶ ಶೇಕಡ 20 ಮೀರುವುದು ಸಾಮಾನ್ಯವಾದ್ದರಿಂದ, ಮಳೆಗಾಲದಲ್ಲಿ ತೆಗೆದು ಬಾಟಲಿಯಲ್ಲೇ ನೊರೆಯೆದ್ದ ಜೇನು ಬೇಡ. ರಬ್ಬರ್ ತೋಟದ ಜೇನಿನ ಸೌಮ್ಯ ರುಚಿ ಹುರಿದ ಮಾಲ್ಟಿನಡಿ ಕಳೆದುಹೋಗುತ್ತದೆ. ಕಾಡಂಚಿನ ಪೆಟ್ಟಿಗೆಯ ಗಾಢ ಬಣ್ಣದ ಜೇನೇ ಮೇಲು. ಮುಜಂಟಿ (ಕುಟುಕದ ಪುಟ್ಟ ಜೇನ್ನೊಣ) ಜೇನನ್ನು ಮಾತ್ರ ಬಿಯರ್‌ಗೆ ಸುರಿಯಬೇಡಿ, ಅದು ಮನೆಮದ್ದಿಗಿರಲಿ. ವಿಮಾನದಲ್ಲಿ ಜೇನು ಒಯ್ಯುವ ಮೊದಲು ಬ್ರಿಟನ್ನಿನ ಸುಂಕದ ನಿಯಮವನ್ನು ವಿಚಾರಿಸಿಕೊಳ್ಳಿ.