ಓದುಗರ ಪ್ರಶ್ನೆ: ಮಕ್ಕಳ ಲೆಕ್ಕ ಯಾರ ಹತ್ರ ಇದೆ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಥರದವು, ಮೂವರಿಗೂ ಬೇಕಾಗಿರೋದು ಮಕ್ಕಳದ್ದೋ ಹುಡುಗರದ್ದೋ ಅಂಕಿಅಂಶ. ಹಾಗಾಗಿ ಒಟ್ಟಿಗೇ ಇಟ್ಕೊಂಡಿದೀನಿ, ಅಡುಗೆ ಪ್ರಶ್ನೆಯವರು ಮುಂದಿನ ಸಂಚಿಕೆ ತನಕ ಕಾಯ್ಬೇಕು, ಬೇಜಾರಾಗಬೇಡಿ.

ಪ್ರಶ್ನೆ: ಮೇಡಂ, ನಾನು ಎಂಎಸ್‌ಡಬ್ಲ್ಯು ಎರಡನೇ ವರ್ಷ. ವಿಜಯನಗರ ಜಿಲ್ಲೆಯ ಬಾಲ್ಯವಿವಾಹದ ಬಗ್ಗೆ ಪ್ರಾಜೆಕ್ಟ್ ತಗೊಂಡಿದೀನಿ. ಒಂದು ವಾರ ಹುಡುಕಿದ್ರೂ ನಮ್ಮ ಜಿಲ್ಲೆ ಹೆಸರಲ್ಲಿ ಒಂದು ಅಂಕಿನೂ ಸಿಗ್ತಿಲ್ಲ, ಗೈಡ್ ದಿನಾ ಸಿಡುಕ್ತಾರೆ. ಎಲ್ಲಿ ನೋಡ್ಲಿ?
— ವಿದ್ಯಾರ್ಥಿನಿ, ಹೊಸಪೇಟೆ

ಉತ್ತರ: ನೀವು ಹುಡುಕಿದ್ದರಲ್ಲಿ ತಪ್ಪೇನಿಲ್ಲ, ಸಮೀಕ್ಷೆಯವರು ಎಣಿಸೋಕೆ ಬಂದಾಗ ನಿಮ್ಮ ಜಿಲ್ಲೆನೇ ಹುಟ್ಟಿರ್ಲಿಲ್ಲ ಅಷ್ಟೇ. ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆ ಆಗಿದ್ದು 2021ರ ಫೆಬ್ರವರಿಯಲ್ಲಿ. ಬಾಲ್ಯವಿವಾಹಕ್ಕೆ ಎಲ್ಲರೂ ಹಿಡಿಯೋ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆಯಲ್ಲ, ಎನ್‌ಎಫ್‌ಎಚ್‌ಎಸ್, ಅದರ ಐದನೇ ಸುತ್ತಲ್ಲಿ ನಮ್ಮ ರಾಜ್ಯದ ಮನೆಗಳನ್ನ ಸುತ್ತಿ ಮುಗಿಸಿದ್ದು 2019ರಲ್ಲೇ, ಅದೂ 2017ರ ಮಾರ್ಚ್‌ನಲ್ಲಿದ್ದ ಜಿಲ್ಲೆಗಳ ಗಡಿ ಹಿಡ್ಕೊಂಡು. ಅಂದ್ರೆ ನೀವು ತೆಗೀಬೇಕಾಗಿರೋದು ಬಳ್ಳಾರಿ ಫ್ಯಾಕ್ಟ್‌ಶೀಟು, ಅಂದ್ರೆ ಆ ಜಿಲ್ಲೆಯ ಅಂಕಿಗಳ ಹಾಳೆ. ಅಷ್ಟಕ್ಕೇ ಮುಗೀಲಿಲ್ಲ, ಈಗ ನಿಮ್ಮ ಜಿಲ್ಲೆಯಲ್ಲಿರೋ ಹರಪನಹಳ್ಳಿ ಆಗಿನ್ನೂ ದಾವಣಗೆರೆಗೆ ಸೇರಿತ್ತು, ಆ ತಾಲ್ಲೂಕಿನ ಮನೆಗಳು ದಾವಣಗೆರೆ ಲೆಕ್ಕಕ್ಕೆ ಹೋಗಿವೆ. ಕೆಲವೇ ಮನೆ ಆರಿಸಿ ಕೇಳೋ ಸ್ಯಾಂಪಲ್ ಸಮೀಕ್ಷೆ ಆದ್ದರಿಂದ ಫ್ಯಾಕ್ಟ್‌ಶೀಟಿನ ಶೇಕಡಾವಾರನ್ನ ತಾಲ್ಲೂಕುವಾರು ಒಡೆದು ತೆಗೆಯೋಕೆ ಆಗಲ್ಲ. ಎರಡೂ ಜಿಲ್ಲೆಯ ಅಂಕಿ ಪಕ್ಕಪಕ್ಕ ಕೊಟ್ಟು, ಈ ಗಡಿ ಕಥೆನ ಒಂದು ಪ್ಯಾರಾ ಬರೆದುಬಿಡಿ, ಗೈಡ್ ಬಾಯಿ ಮುಚ್ಚುತ್ತೆ.

ತಲೆ ಎಣಿಸೋ ಜನಗಣತಿ ಆದ್ರೆ ಕೂಡಿ ಕಳೆದು ಮಾಡ್ಬಹುದು. 2011ರ ಜನಗಣತಿಯಲ್ಲಿ ಊರೂರಿಗೂ 0-6 ವರ್ಷದ ಮಕ್ಕಳ ಸಂಖ್ಯೆ ಇದೆ. ಬಳ್ಳಾರಿಯಿಂದ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಗೊಂಡು, ದಾವಣಗೆರೆಯಿಂದ ಹರಪನಹಳ್ಳಿ ಸೇರಿಸಿ. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಲ್ಲೇ ಇತ್ತು, ಬೇರೆ ಹುಡುಕಬೇಡಿ. ಆದ್ರೆ ಕಂಪ್ಲಿ ಹೊಸಪೇಟೆ ತಾಲ್ಲೂಕಲ್ಲಿತ್ತು, ಈಗ ಬಳ್ಳಾರಿಯಲ್ಲಿದೆ, ಹಾಗಾಗಿ ಕಂಪ್ಲಿ ಕಡೆ ಹಳ್ಳಿಗಳನ್ನ ಒಂದೊಂದಾಗಿ ಕಳೀಬೇಕು. ಒಂದು ಮಧ್ಯಾಹ್ನದ ಕೆಲಸ, ಪಕ್ಕದಲ್ಲಿ ಚಹಾ ಇಟ್ಕೊಂಡು ಕೂತ್ಕೊಳ್ಳಿ.

ಈಗ ಅಸಲು ವಿಷಯ. ಎನ್‌ಎಫ್‌ಎಚ್‌ಎಸ್ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಬಾಲ್ಯವಿವಾಹ ಶೇ 21.3. ಇದನ್ನ ನೋಡಿ ಜನ "ಈಗ ಐದರಲ್ಲಿ ಒಬ್ಬಳು ಹುಡುಗಿಗೆ ಮದುವೆ ಮಾಡ್ತಿದಾರೆ" ಅಂತ ಬರೀತಾರೆ, ತಪ್ಪು. ಅವರು ಕೇಳಿದ್ದು 20ರಿಂದ 24 ವಯಸ್ಸಿನ ಹೆಣ್ಮಕ್ಕಳನ್ನ, ನಿಮಗೆ 18 ತುಂಬೋಕೆ ಮುಂಚೆನೇ ಮದುವೆ ಆಗಿತ್ತಾ ಅಂತ. ಅಂದ್ರೆ ಅದು ಕೆಲವು ವರ್ಷ ಹಿಂದೆ ಆಗಿಹೋದ ಮದುವೆಗಳ ಲೆಕ್ಕ, ಕೋವಿಡ್ ಟೈಮಲ್ಲಿ ಆಗಿದ್ದು ಅದರಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ಕಡೆ ಎನ್‌ಸಿಆರ್‌ಬಿ, ಅಂದ್ರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪೊಲೀಸ್ ಕೇಸುಗಳ ಪುಸ್ತಕ. 2021ರಲ್ಲಿ ಇಡೀ ದೇಶಕ್ಕೆ ಬಾಲ್ಯವಿವಾಹ ನಿಷೇಧ ಕಾಯ್ದೆ ಕೆಳಗೆ ದಾಖಲಾದ ಕೇಸು 1,050, ಅದರಲ್ಲಿ ಕರ್ನಾಟಕದ್ದೇ 273, ದೇಶಕ್ಕೇ ಫಸ್ಟು. ಹಂಗಂತ ನಾವೇ ಎಲ್ಲರಿಗಿಂತ ಕೆಟ್ಟವರು ಅಂತ ಬರೆದೀರಿ ಜೋಕೆ! ಸಮೀಕ್ಷೆ ನೋಡಿದ್ರೆ ಬಿಹಾರ, ಬಂಗಾಳದಲ್ಲಿ ಹತ್ತಿರಹತ್ತಿರ ನಮ್ಮ ದುಪ್ಪಟ್ಟು ಪ್ರಮಾಣ ಇದೆ, ಇಲ್ಲಿ ಯಾರೋ ಫೋನ್ ಮಾಡಿದ್ರು, ಯಾರೋ ಕೇಸ್ ಬರ್ಕೊಂಡ್ರು, ಅದಕ್ಕೇ ಸಂಖ್ಯೆ ಮೇಲಿದೆ. ಕೇಸು ಎಣಿಸೋದೇ ಬೇರೆ, ಮದುವೆ ಎಣಿಸೋದೇ ಬೇರೆ.

ತಾಜಾ ಅಂಕಿ ಬೇಕಂದ್ರೆ ನಿಮ್ಮೂರಲ್ಲೇ ಇರೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಾಲೇಜಿನ ಲೆಟರ್‌ಹೆಡ್ಡಲ್ಲಿ ಪತ್ರ ಬರ್ಕೊಂಡು ಹೋಗಿ, ಮಕ್ಕಳ ಸಹಾಯವಾಣಿ 1098ಕ್ಕೆ ಬಂದ ಕರೆ ಎಷ್ಟು, ತಡೆದ ಮದುವೆ ಎಷ್ಟು ಕೇಳಿ. ಕೊಡ್ಲಿಲ್ವಾ, 10 ರೂಪಾಯಿಯ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಾನೊಮ್ಮೆ ಮಹಾಪುರಾಣ ಬರೆದು ಕಳಿಸಿದ್ದೆ, ಹಂಗೇ ವಾಪಸ್ ಬಂತು. "ಎಲ್ಲಾ ಮಾಹಿತಿ ಕೊಡಿ" ಅನ್ನಬೇಡಿ, ಯಾವ ವರ್ಷ, ಯಾವ ತಾಲ್ಲೂಕು ಅಂತ ಬಿಡಿಸಿ ಕೇಳಿ.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಮೇಷ್ಟ್ರು. ಒಂದು ವರದಿ ಮಕ್ಕಳೆಲ್ಲ ಶಾಲೇಲಿದಾರೆ ಅನ್ನುತ್ತೆ, ಇನ್ನೊಂದು ಮಕ್ಕಳಿಗೆ ಓದೋಕೇ ಬರಲ್ಲ ಅನ್ನುತ್ತೆ. ಯಾವುದು ಸುಳ್ಳು?
— ಶಿರಾ ಕಡೆಯಿಂದ

ಉತ್ತರ: ಎರಡೂ ನಿಜ ಮೇಷ್ಟ್ರೇ. ಮೊದಲನೇದು ಯುಡೈಸ್ ಪ್ಲಸ್, ಅಂದ್ರೆ ಶಾಲೆಗಳಿಂದ ಸರ್ಕಾರ ತಗೊಳ್ಳೋ ಲೆಕ್ಕ, ಅದಕ್ಕೆ ಮಾಹಿತಿ ತುಂಬೋರೇ ನೀವು, 11 ಅಂಕಿಯ ಶಾಲಾ ಕೋಡ್ ನಿಮಗೆ ಬಾಯಿಪಾಠ ಇರ್ಬೇಕು. ಮಗುವಿನ ಹೆಸರು ರಿಜಿಸ್ಟರಲ್ಲಿ ಇದ್ರೆ ಅಲ್ಲಿ ಎಣಿಕೆ ಆಗುತ್ತೆ. ಇನ್ನೊಂದು ಅಸೆರ್, ಮಕ್ಕಳ ಕಲಿಕೆಯ ಸಮೀಕ್ಷೆ, ಪ್ರಥಮ್ ಅನ್ನೋ ಸ್ವಯಂಸೇವಾ ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿ ಮಾಡೋದು, ಅವರು ಮನೆಗೆ ಹೋಗಿ ಎರಡನೇ ಕ್ಲಾಸಿನ ಮಟ್ಟದ ಪುಟ್ಟ ಪಾಠ ಕೊಟ್ಟು ಓದು ಪುಟ್ಟ ಅಂತಾರೆ. 2023ರಲ್ಲಿ 14ರಿಂದ 18ರ ವಯಸ್ಸಿನವರನ್ನೇ ಕೇಳಿದಾಗ, ದೇಶದಲ್ಲಿ ಸುಮಾರು ಕಾಲು ಭಾಗ ಮಕ್ಕಳಿಗೆ ಆ ಪಾಠ ಸರಾಗವಾಗಿ ಓದೋಕೆ ಬರ್ಲಿಲ್ಲ, ಅದೂ ಅವರವರ ರಾಜ್ಯದ ಭಾಷೆಯಲ್ಲಿ. ಆದ್ರೆ ಅದು 26 ರಾಜ್ಯಗಳಿಂದ ಆರಿಸಿದ 28 ಗ್ರಾಮೀಣ ಜಿಲ್ಲೆಗಳ ಲೆಕ್ಕ ಅಷ್ಟೇ, ನಿಮ್ಮ ತಾಲ್ಲೂಕಿಗೆ ಅಂಟಿಸಬೇಡಿ.

ಪ್ರಶ್ನೆ: ಯುವಕರ ನಿರುದ್ಯೋಗ ಶೇ 10 ಅಂತ ಒಬ್ಬ, 14ರ ಹತ್ರ ಅಂತ ಇನ್ನೊಬ್ಬ, ನಮ್ಮ ವಾಟ್ಸಾಪ್ ಗ್ರೂಪಲ್ಲಿ ಜಗಳ ಆಗಿ ಇಬ್ರು ಎಕ್ಸಿಟ್ ಆದ್ರು. ತೀರ್ಪು ಕೊಡಿ.
— ಮಂಡ್ಯ

ಉತ್ತರ: ಇಬ್ಬರನ್ನೂ ವಾಪಸ್ ಸೇರಿಸಿ. ಎರಡೂ ಸರ್ಕಾರದ ಪಿಎಲ್‌ಎಫ್‌ಎಸ್, ಅಂದ್ರೆ ಯಾರಿಗೆ ಕೆಲಸ ಇದೆ ಯಾರಿಗಿಲ್ಲ ಅಂತ ಕೇಳೋ ಕಾರ್ಮಿಕ ಸಮೀಕ್ಷೆದೇ, ಎರಡೂ 15-29 ವಯಸ್ಸಿನವರದ್ದೇ. 2023-24ರ ವಾರ್ಷಿಕ ವರದಿಯಲ್ಲಿ ಶೇ 10.2, 2025ರ ಏಪ್ರಿಲ್ ತಿಂಗಳ ವರದಿಯಲ್ಲಿ ಶೇ 13.8. ಮೊದಲನೇದು ಹಿಂದಿನ ಇಡೀ ವರ್ಷ ಏನು ಮಾಡ್ಕೊಂಡಿದ್ರಿ ಅಂತ ಕೇಳುತ್ತೆ, ನಡುವೆ ಒಂದು ತಿಂಗಳು ಚಿಕ್ಕಪ್ಪನ ಅಂಗಡಿ ನೋಡ್ಕೊಂಡಿದ್ರೂ ಕೆಲಸ ಇದ್ದವರ ಸಾಲಿಗೆ ಸೇರಬಹುದು. ಎರಡನೇದು ಕಳೆದ ಏಳು ದಿನದ್ದು ಮಾತ್ರ, ಆ ವಾರ ಒಂದು ಗಂಟೆನೂ ಕೆಲಸ ಮಾಡದೆ ಹುಡುಕ್ತಾ ಇದ್ರೆ, ಅಥವಾ ಸಿಕ್ಕಿದ್ರೆ ಮಾಡೋಕೆ ತಯಾರಿದ್ರೆ ನಿರುದ್ಯೋಗಿ. ಜೊತೆಗೆ, ಸದ್ಯಕ್ಕೆ ಕೆಲಸನೇ ಬೇಡ ಅಂತ ಮನೇಲಿ ಕೂತ ಹುಡುಗ, ಕೆಲಸ ಬೇಡ ಅಂತ ಎಕ್ಸಾಮಿಗೆ ಓದ್ತಾ ಕೂತಿರೋ ಹುಡುಗಿ, ಇವರು ಎರಡರಲ್ಲೂ ನಿರುದ್ಯೋಗಿ ಅಲ್ಲ. ನಿಮ್ಮ ಗ್ರೂಪಲ್ಲಿ ಅಂಥೋರು ಎಷ್ಟು ಜನ ಇದಾರೋ ನೋಡಿ. ಇನ್ನು ಯುವಕ ಅಂದ್ರೆ 35ರ ತನಕ ಅನ್ನೋನು ಒಬ್ಬ ಇದ್ದೇ ಇರ್ತಾನೆ, 2003ರ ಯುವ ನೀತಿಯಲ್ಲಿ ಹಾಗಿತ್ತು, 2014ರಲ್ಲಿ 15-29 ಅಂತ ಮಾಡಿದ್ರು, ವಿಶ್ವಸಂಸ್ಥೆ ಲೆಕ್ಕ 15-24. ಮುಂದಿನ ಜಗಳ ಶುರು ಮಾಡೋ ಮುಂಚೆ ವಯಸ್ಸು ಕೇಳ್ಕೊಳ್ಳಿ.